ಪೀಣ್ಯದ ನೆಲದ ಚೌಕಾಬಾರ, ಟಿವಿಯೊಳಗಿನ ಪಗಡೆ

ಬೆಂಗಳೂರಿನಲ್ಲಿ ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಅದಕ್ಕೂ ಬಹಳ ಮೊದಲೇ ಊರಿನ ವಾಯವ್ಯ ಅಂಚಿನಲ್ಲಿ ಕಾರ್ಖಾನೆಗಳ ಒಂದು ಲೋಕ ಎದ್ದು ನಿಂತಿತ್ತು. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್‌ಎಂಟಿ ವಾಚು. 1970ರ ದಶಕದಲ್ಲಿ ಪಕ್ಕದ ಪೀಣ್ಯ ಎಂಬ ಹಳ್ಳಿಯ ಸುತ್ತ ಸಣ್ಣ ಕೈಗಾರಿಕೆಗಳ ಶೆಡ್ಡುಗಳು ಬಂದವು. ಲೇತು, ಮಿಲ್ಲಿಂಗು, ಪ್ರೆಸ್ಸು, ಪ್ಲೇಟಿಂಗು. ಅದೇ ದಶಕದ ಕೊನೆಗೆ ದಕ್ಷಿಣದ ಅಂಚಿನಲ್ಲಿ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ, ಕಿಯೋನಿಕ್ಸ್‌ನ ಆರ್. ಕೆ. ಬಾಳಿಗರ ಕನಸಿನ ಎಲೆಕ್ಟ್ರಾನಿಕ್ ಸಿಟಿಗೆ ನೆಲ ಸಿಕ್ಕಿತು. ಬಿಇಎಲ್‌ನವರು ಸೇನೆಗಷ್ಟೇ ಅಲ್ಲ, ಆಕಾಶವಾಣಿಗೂ ದೂರದರ್ಶನಕ್ಕೂ ಪ್ರಸಾರ ಯಂತ್ರಗಳನ್ನು ಮಾಡಿಕೊಡುತ್ತಿದ್ದರು. ಹಾಗಾಗಿ ಟಿವಿ ಎಂಬುದು ನಮ್ಮ ಕಡೆಗೆ ಆಕಾಶದಿಂದ ಇಳಿದು ಬಂದ ವಸ್ತು ಎನ್ನುವುದು ಅರ್ಧ ಸತ್ಯ. ಅದರ ಒಂದು ಭಾಗ ನಮ್ಮ ಪಕ್ಕದ ಗೇಟಿನಿಂದಲೇ ಲಾರಿಯಲ್ಲಿ ಹೊರಗೆ ಹೋಗುತ್ತಿತ್ತು.

ನಾನು ಹೇಳಹೊರಟಿರುವುದು ಆ ಟಿವಿ ಮತ್ತು ನಾವು ಆಡುತ್ತಿದ್ದ ಮಣೆಯಾಟಗಳ ನಡುವಿನ ಸಂಬಂಧದ ಕತೆ. ನನ್ನ ಓರಗೆಯವರು ಈಗ ಮಾತಿಗೆ ಕೂತರೆ ಬೇಗ ಅಲ್ಲಿಗೆ ಬರುತ್ತಾರೆ. "ಆಗ ಚೌಕಾಬಾರ ಇತ್ತು, ಹಾವು ಏಣಿ ಇತ್ತು, ಟಿವಿ ಬಂದು ಎಲ್ಲ ಹಾಳಾಯಿತು" ಎಂಬುದು ಅವರ ಮಾತು. ನಾನೂ ಆ ಹಂಬಲದಲ್ಲಿ ಪಾಲುದಾರನೇ. ಆದರೆ ವರ್ಷಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಕತೆ ಅಷ್ಟು ನೇರವಾಗಿಲ್ಲ. ಟಿವಿ ನಮ್ಮ ಆಟಗಳನ್ನು ಕೊಂದಿತು ಅನ್ನುವುದಕ್ಕಿಂತ, ಅವುಗಳನ್ನು ಎತ್ತಿಕೊಂಡು ಹೋಗಿ ಬೇರೆ ಬಟ್ಟೆ ತೊಡಿಸಿ ನಮಗೇ ಮರಳಿ ತೋರಿಸಿತು ಅನ್ನುವುದು ಸರಿ. ಹಾಗೆ ಬಟ್ಟೆ ಬದಲಾಯಿಸುವಾಗ ಏನು ಕಳಚಿ ಬಿತ್ತು ಎಂಬುದೇ ನನ್ನ ಪ್ರಶ್ನೆ.

ಮೊದಲು ನೆಲದ ಮೇಲಿನ ಆಟ. ಪೀಣ್ಯದ ಸುತ್ತಲಿನ ಸಾಲುಮನೆಗಳಲ್ಲಿ ಬಾಡಿಗೆಗಿದ್ದವರು ತುಮಕೂರು, ಹಾಸನ, ಮಂಡ್ಯ, ಕೋಲಾರದ ಕಡೆಗಳಿಂದ ಕೆಲಸಕ್ಕೆ ಬಂದವರು. ತಮಿಳರು, ತೆಲುಗರು, ಮಲಯಾಳಿಗಳೂ ಇದ್ದರು. ಅಡಿಗೆಮನೆ, ಒಂದು ಕೋಣೆ, ಮುಂದೆ ಎಲ್ಲರಿಗೂ ಸೇರಿದ ಉದ್ದನೆಯ ಜಗಲಿ. ಆ ಜಗಲಿಯ ಸಿಮೆಂಟಿನ ಮೇಲೆ ಸೀಮೆಸುಣ್ಣದಲ್ಲೋ ಇದ್ದಿಲಿನಲ್ಲೋ ಅಡ್ಡಕ್ಕೆ ಐದು, ಉದ್ದಕ್ಕೆ ಐದು ಎಳೆದರೆ ಇಪ್ಪತ್ತೈದು ಮನೆ. ನಾಲ್ಕು ಬದಿಯ ನಡುಮನೆಗೂ ಒಳಗಿನ ನಡುಮನೆಗೂ ಕತ್ತರಿ ಗುರುತು ಹಾಕಿದರೆ ಅವು ಕಟ್ಟೆ. ಕಟ್ಟೆಯಲ್ಲಿರುವ ಕಾಯನ್ನು ಯಾರೂ ಕಡಿಯುವಂತಿಲ್ಲ. ನಾಲ್ಕು ಕವಡೆ ಬಿಟ್ಟರೆ, ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ಚೌಕ, ನಾಲ್ಕೂ ಕವುಚಿ ಬಿದ್ದರೆ ಬಾರ, ಅಂದರೆ ಎಂಟು. ಎರಡಕ್ಕೂ ಇನ್ನೊಂದು ಆಟ ಉಂಟು. ಹೊರಸುತ್ತಿನ ಹದಿನಾರು ಮನೆ ದಾಟಿ ಒಳಸುತ್ತಿಗೆ ಹೋಗಬೇಕಾದರೆ ಎದುರಾಳಿಯ ಒಂದು ಕಾಯನ್ನಾದರೂ ಕಡಿದಿರಬೇಕು ಎಂಬುದು ನಮ್ಮ ಜಗಲಿಯ ಕಾನೂನು. ನಡುಮನೆ ಮುಟ್ಟಿದ ಕಾಯಿ ಹಣ್ಣಾಗುತ್ತದೆ. ಕಾಯಿ ಹಣ್ಣಾಗುವುದು! ಗೆಲುವಿಗೆ ಇದಕ್ಕಿಂತ ಮೃದುವಾದ ಮಾತು ಯಾವ ಆಟದಲ್ಲಿದೆಯೋ ನಾ ಕಾಣೆ.

ಹಳ್ಳಿಯಲ್ಲಿ ಕಾಯಿಗೆ ಬಳೆಚೂರು, ಹುಣಸೆಬೀಜ, ಬೆಣಚುಕಲ್ಲು ಇಡುತ್ತಿದ್ದರು. ಪೀಣ್ಯದಲ್ಲಿ ನಮಗೆ ಸಿಗುತ್ತಿದ್ದುದು ನಟ್ಟು, ವಾಷರು, ಹಿತ್ತಾಳೆಯ ಬುಷ್ಷು, ಬಣ್ಣದ ತಂತಿಯ ತುಂಡು. ಅಪ್ಪಂದಿರ ಜೇಬಿನಲ್ಲಿ ಕೆಲಸ ಮುಗಿದ ಮೇಲೂ ಉಳಿದುಬಂದ ಗುಜರಿ. ಅಳಗುಳಿಮಣೆಗೆ ಹೊಂಗೆಬೀಜದ ಬದಲು ಬೇರಿಂಗಿನ ಗುಂಡು. ಏಳೇಳರ ಎರಡು ಸಾಲು, ಹದಿನಾಲ್ಕು ಗುಳಿ. ಉಕ್ಕಿನ ಗುಂಡು ಮರದ ಗುಳಿಗೆ ಬೀಳುವ ಸದ್ದು ಬೀಜದ ಸದ್ದಿನಂತಿರಲಿಲ್ಲ. ಹಳ್ಳಿಯ ಆಟವೊಂದು ಕಾರ್ಖಾನೆಯ ಸೀಮೆಗೆ ಬಂದು ಅಲ್ಲಿಯ ಸಾಮಾನನ್ನೇ ತನ್ನದಾಗಿಸಿಕೊಂಡದ್ದು ಹೀಗೆ. ಆಟ ಬದಲಾಗುವುದಕ್ಕೆ ಟಿವಿಯೇ ಬರಬೇಕಾಗಿರಲಿಲ್ಲ.

ಈ ಆಟಗಳ ಹಿಂದಿನ ಇತಿಹಾಸ ಬಹಳ ದೊಡ್ಡದು. ಎಲ್ಲೋರದ ಗುಹೆಗಳಲ್ಲಿ ಶಿವಪಾರ್ವತಿಯರು ಪಗಡೆಯಾಡುತ್ತಾ ಕೂತ ಶಿಲ್ಪಗಳಿವೆ. ಹಂಪಿಯ ಮಂಟಪಗಳ ನೆಲಹಾಸಿನಲ್ಲಿ ಯಾರೋ ಬಿಡುವಿನಲ್ಲಿ ಕೊರೆದ ಆಟದ ಮನೆಗಳು ಇಂದಿಗೂ ಕಾಣುತ್ತವೆ. ಕುಮಾರವ್ಯಾಸನ ಭಾರತದಲ್ಲಿ ಸಭಾಪರ್ವದ ದ್ಯೂತ ಗಮಕಿಗಳಿಗೆ ಅಚ್ಚುಮೆಚ್ಚಿನ ಭಾಗ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ ಮಣೆಯಾಟಗಳ ಮಹಾ ಮೋಹಿ. 1831ರಲ್ಲಿ ಇಂಗ್ಲಿಷರು ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೂ 1868ರವರೆಗೆ ಬದುಕಿದ್ದ ಈ ಅರಸರು ಹೊಸ ಹೊಸ ಆಟಗಳನ್ನು ಕಟ್ಟಿದರು, ಚದುರಂಗದ ಕುದುರೆ ಅರವತ್ತನಾಲ್ಕು ಮನೆಯನ್ನೂ ಒಂದೊಂದೇ ಸಲ ಮುಟ್ಟಿಬರುವ ಸಮಸ್ಯೆಯನ್ನು ಬಗೆಬಗೆಯಾಗಿ ಬಿಡಿಸಿದರು. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳದ್ದೇ. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಅವುಗಳ ಚಿತ್ರಗಳಿವೆ. ಈಚೆಗೆ ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು 'ಕ್ರೀಡಾ ಕೌಶಲ್ಯ' ಎಂಬ ಪ್ರದರ್ಶನಗಳ ಮೂಲಕ ಈ ಮಣೆ, ಹಾಸು, ದಾಳಗಳನ್ನು ಮತ್ತೆ ಮಾಡಿಸಿ ಜನರ ಕೈಗೆ ಕೊಟ್ಟಿದ್ದಾರೆ.

ಆದರೆ ಇಷ್ಟು ಹಳೆಯ ಆಟಗಳ ಸುತ್ತ ಹಿರಿಯರು ಒಂದು ಬೇಲಿ ಹಾಕಿದ್ದರು ಎಂಬುದನ್ನು ನಮ್ಮ ಹಂಬಲ ಮರೆಯುತ್ತದೆ. ತುಳುನಾಡಿನಲ್ಲಿ ಚೆನ್ನೆಮಣೆ ಆಟಿ ತಿಂಗಳ ಆಟ. ಮಳೆ ಸುರಿದು ಹೊಲದ ಕೆಲಸ ನಿಂತಾಗ ಮಣೆ ಅಟ್ಟದಿಂದ ಇಳಿಯಬೇಕು, ಆಮೇಲೆ ಮೇಲೇರಬೇಕು. ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದು. ಸಿರಿಯ ಪಾಡ್ದನದಲ್ಲಿ ಅಬ್ಬಗೆ ದಾರಗೆ ಎಂಬ ಅವಳಿ ಸೋದರಿಯರು ಚೆನ್ನೆ ಆಡುತ್ತಾ ಜಗಳವಾಡಿ ಒಬ್ಬಳು ಇನ್ನೊಬ್ಬಳನ್ನು ಮಣೆಯಿಂದಲೇ ಹೊಡೆದು ಕೊಂದು, ತಾನೂ ಬಾವಿಗೆ ಬೀಳುತ್ತಾಳೆ. ಹಾವು ಏಣಿಯ ಮೂಲವಾದ ಪರಮಪದ ಸೋಪಾನವನ್ನು ವೈಕುಂಠ ಏಕಾದಶಿಯ ಜಾಗರಣೆಗೆ ಆಡುತ್ತಿದ್ದರು. ನಮ್ಮ ಮನೆಯಲ್ಲಿ ಅಜ್ಜಿ ಚೌಕಾಬಾರಕ್ಕೆ ಅಡ್ಡಿ ಮಾಡುತ್ತಿರಲಿಲ್ಲ. ಆದರೆ ಪೈಸೆ ಇಟ್ಟು ಆಡಿದ್ದು ಕಂಡರೆ ಕಾಲಲ್ಲಿ ಚೌಕ ಒರೆಸಿ ಹೋಗುತ್ತಿದ್ದಳು. "ಧರ್ಮರಾಯನೇ ಉಳೀಲಿಲ್ಲ, ನೀನ್ಯಾವೋನೋ" ಎಂಬುದು ಅವಳ ಒಂದೇ ವಾದ. ಹೊತ್ತು, ಜತೆ, ಪಣ, ಈ ಮೂರಕ್ಕೂ ಕಟ್ಟು ಹಾಕಿದ್ದ ಜನರಿಗೆ ಆಟ ಎಷ್ಟು ಅಪಾಯಕಾರಿ ಎಂಬುದು ಚೆನ್ನಾಗಿ ಗೊತ್ತಿತ್ತು.

ಮಣೆಯಾಟ ಟಿವಿಯೊಳಗೆ ಹೊಕ್ಕಿದ್ದನ್ನು ನಾವು ಮೊದಲು ಕಂಡದ್ದು 'ಮಹಾಭಾರತ'ದಲ್ಲಿ. ಬಿ. ಆರ್. ಚೋಪ್ರಾ ಅವರ ಈ ಧಾರಾವಾಹಿ 1988ರ ಅಕ್ಟೋಬರ್ 2ರಂದು ಆರಂಭವಾಗಿ 1990ರ ನಡುವಿನವರೆಗೆ, 94 ಕಂತುಗಳಲ್ಲಿ, ಭಾನುವಾರದ ಬೆಳಗ್ಗೆಗಳನ್ನು ಆಳಿತು. ನಮ್ಮ ಸಾಲಿನಲ್ಲಿ ಟಿವಿ ಇದ್ದದ್ದು ಓನರ ಮನೆಯಲ್ಲಿ ಮಾತ್ರ. ಮಕ್ಕಳು ನೆಲಕ್ಕೆ, ಹೆಂಗಸರು ಬಾಗಿಲಿಗೆ, ರಾತ್ರಿ ಪಾಳಿ ಮುಗಿಸಿ ಬಂದ ಗಂಡಸರು ಕಿಟಕಿಗೆ. ಹಿಂದಿ ಯಾರಿಗೂ ನೆಟ್ಟಗೆ ಬರುತ್ತಿರಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ಕತೆ ಗೊತ್ತಿತ್ತಲ್ಲ. ಗೂಫಿ ಪೇಂಟಲ್ ಅವರ ಶಕುನಿ ಕುಂಟುತ್ತಾ ಬಂದು ಅಂಗೈಗಳ ನಡುವೆ ದಾಳ ಉಜ್ಜುವಾಗ ಇಡೀ ಜಗಲಿ ಉಸಿರು ಬಿಗಿಹಿಡಿಯುತ್ತಿತ್ತು. ಗೊತ್ತಿರುವ ಸೋಲಿಗಾಗಿ ಅಷ್ಟು ಜನ ಒಟ್ಟಿಗೆ ಕಾದದ್ದನ್ನು ನಾನು ಮತ್ತೆ ಕಂಡಿಲ್ಲ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಆ ದ್ಯೂತದ ಕಂತುಗಳು ನಮ್ಮ ಆಟವನ್ನು ನಿಲ್ಲಿಸಲಿಲ್ಲ, ಹೆಚ್ಚಿಸಿದವು. ಕವಡೆಯನ್ನು ಉಜ್ಜಿ ಬಿಡುವುದು, ಬೀಳುವ ಮೊದಲೇ ಎಣಿಕೆ ಕೂಗುವುದು, ಒಬ್ಬನನ್ನು ಶಕುನಿ ಮಾಡಿ ಅವನು ಯಾರ ಪರ ಆಡಬೇಕೆಂದು ಜಗಳವಾಡುವುದು, ಇವೆಲ್ಲ ಆಮೇಲೆ ಬಂದವು. ಕರೆಂಟು ಹೋಗುವ ದಿನಗಳು ಅವು. ಟಿವಿ ಕಪ್ಪಾದೊಡನೆ ಮಕ್ಕಳು ಜಗಲಿಗೆ ಬಂದು ಚೌಕ ಎಳೆಯುತ್ತಿದ್ದರು. ದೂರದರ್ಶನದ ಕಾಲದಲ್ಲಿ ಟಿವಿಯೂ ಒಂದು ಜಗಲಿಯೇ ಆಗಿತ್ತು. ಅಲ್ಲಿ ನೋಡಿದ್ದನ್ನು ಇಲ್ಲಿ ಆಡುವ ದಾರಿ ತೆರೆದಿತ್ತು. ಅಜ್ಜಿ ಕುಮಾರವ್ಯಾಸನನ್ನು ಕೇಳಿ ಕಲಿತದ್ದನ್ನು ನಾವು ಟಿವಿಯಿಂದ ಕಲಿತೆವು. ಎಚ್ಚರಿಕೆ ಮಾತ್ರ ಒಂದೇ ಆಗಿತ್ತು. ಧಾರಾವಾಹಿಯಲ್ಲಿ ಆಟ ಇನ್ನೂ ದುರಂತವಾಗಿಯೇ ಇತ್ತು.

ಅದು ತಿರುಗಿದ್ದು ಉಪಗ್ರಹ ವಾಹಿನಿಗಳು ಬಂದ ಮೇಲೆ. 1992ರ ಅಕ್ಟೋಬರ್ 2ರಂದು ಝೀ ಟಿವಿ ಬಂತು. ಅದರ ಆರಂಭದ ಕಾಲದಲ್ಲೇ ಮೋಹನ್ ಕಪೂರ್ ನಡೆಸಿಕೊಡುತ್ತಿದ್ದ 'ಸಾಂಪ್ ಸೀಡಿ' ಪ್ರಸಾರವಾಯಿತು. ಹಾವು ಏಣಿ ಆಟವನ್ನೇ ಆಧರಿಸಿದ ಸ್ಪರ್ಧೆ ಅದು. ಹೊರದೇಶಗಳಲ್ಲಿ ಇದು ಆಗಲೇ ನಡೆದಿತ್ತು. ಅಮೆರಿಕದಲ್ಲಿ 1984ರಲ್ಲಿ ಸ್ಕ್ರ್ಯಾಬಲ್, 1990ರಲ್ಲಿ ಮೊನೊಪೊಲಿ ಟಿವಿ ಸ್ಪರ್ಧೆಗಳಾಗಿದ್ದವು. ಪೀಣ್ಯದ ಬೀದಿಗಳಲ್ಲಿ ಕೇಬಲ್ಲಿನ ಕಪ್ಪು ತಂತಿ ಮರದಿಂದ ಮರಕ್ಕೆ, ಶೆಡ್ಡಿನಿಂದ ಮನೆಗೆ ಹಾರಾಡತೊಡಗಿದ್ದು ಆಗಲೇ. ಕನ್ನಡದ ಉದಯ ಟಿವಿ 1994ರಲ್ಲಿ ಬಂದ ಮೇಲೆ ತಂತಿ ಇನ್ನೂ ಗಟ್ಟಿಯಾಯಿತು. ನಮ್ಮ ಟ್ರಂಕಿನ ತಳದಲ್ಲಿ ಮಡಚಿಟ್ಟಿದ್ದ ರಟ್ಟಿನ ಹಾವುಗಳು ದೊಡ್ಡವಾಗಿ, ದೀಪದಡಿ ಹೊಳೆಯುತ್ತಾ ಟಿವಿಯಲ್ಲಿ ಬಂದಾಗ ನಮಗಾದ ಸಂಭ್ರಮ ಈಗ ವಿವರಿಸಲು ಕಷ್ಟ. ನಮ್ಮ ಆಟ ದೊಡ್ಡವರ ಲೋಕಕ್ಕೆ ಬಂತು ಅನ್ನಿಸಿತ್ತು.

ಹಾವು ಏಣಿ ಪಟ್ಟ ಪಾಡು ಅದೊಂದೇ ಅಲ್ಲ. ಹಿಂದೂಗಳಲ್ಲೂ ಜೈನರಲ್ಲೂ ಇದು ಕರ್ಮದ ಪಟ. ಏಣಿಗೆ ಒಂದೊಂದು ಗುಣದ ಹೆಸರು, ಹಾವಿಗೆ ಒಂದೊಂದು ದೋಷದ ಹೆಸರು, ತುದಿಯಲ್ಲಿ ಮೋಕ್ಷ. ಎಷ್ಟೋ ಹಳೆಯ ಪಟಗಳಲ್ಲಿ ಹಾವುಗಳೇ ಹೆಚ್ಚು. ಏರುವುದು ಅಷ್ಟು ಸುಲಭವಲ್ಲ ಎಂಬುದೇ ಪಾಠ. 19ನೆಯ ಶತಮಾನದ ಕೊನೆಗೆ ಇಂಗ್ಲೆಂಡಿಗೆ ಹೋದಾಗ ಅದು ಅಲ್ಲಿಯ ಮಕ್ಕಳಿಗೆ ನೀತಿ ಹೇಳುವ ರಟ್ಟಾಯಿತು. ಪಚ್ಚೀಸಿಯೂ ಅದೇ ಕಾಲಕ್ಕೆ ಅಲ್ಲಿಗೆ ಹೋಗಿ ಲೂಡೊ ಆಯಿತು. ಎರಡೂ ಪೆಟ್ಟಿಗೆಯಲ್ಲಿ ಕೂತು ನಮ್ಮಲ್ಲಿಗೆ ಮರಳಿದವು. ಮರಳುವಾಗ ಹಾವಿನ ಹೆಸರುಗಳು ಅಳಿಸಿಹೋಗಿದ್ದವು. ನಾವು ಆಡಿದ ರಟ್ಟಿನಲ್ಲಿ ಹಾವು ಬರೀ ಹಾವು, 99ರಲ್ಲಿ ಕಾದು ಕೂತ ದುರದೃಷ್ಟ. ಟಿವಿಗೆ ಬಂದಾಗ ತುದಿಯ ಮನೆಯಲ್ಲಿ ಮೋಕ್ಷದ ಜಾಗಕ್ಕೆ ಬಹುಮಾನ ಬಂದು ಕೂತಿತು.

ಅಲ್ಲಿಂದ ಮುಂದೆ ಏಣಿಯೊಂದೇ ಸಾಕಾಯಿತು. 2000ದ ಜುಲೈನಲ್ಲಿ 'ಕೌನ್ ಬನೇಗಾ ಕರೋಡ್‌ಪತಿ', 2012ರ ಮಾರ್ಚಿನಲ್ಲಿ ಸುವರ್ಣ ವಾಹಿನಿಯಲ್ಲಿ ಪುನೀತ್ ರಾಜ್‌ಕುಮಾರ್ ಅವರ 'ಕನ್ನಡದ ಕೋಟ್ಯಧಿಪತಿ'. ಇವು ಹೆಸರಿಗೆ ರಸಪ್ರಶ್ನೆ. ಮೈಕಟ್ಟು ನೋಡಿದರೆ ಪರಮಪದ ಸೋಪಾನವೇ. ಮೆಟ್ಟಿಲು ಮೆಟ್ಟಿಲಾಗಿ ಏರುವ ಹಣ, ಒಂದು ತಪ್ಪಿಗೆ ಕೆಳಗೆ ಜಾರಿಸುವ ಹಾವು, ನಡುವೆ ಯಾರೂ ಕಡಿಯಲಾಗದ ಎರಡು ಕಟ್ಟೆ. ಪುನೀತ್ ಅವರ ನಗೆ, ಸಾಮಾನ್ಯ ಜನರನ್ನು ಅವರು ಮಾತಾಡಿಸುತ್ತಿದ್ದ ಬಗೆ ಆ ಆಟಕ್ಕೆ ಒಂದು ಮನೆತನ ತಂದುಕೊಟ್ಟವು. ಗಾರ್ಮೆಂಟಿನ ಹೆಣ್ಣುಮಕ್ಕಳು, ಶೆಡ್ಡಿನ ಹುಡುಗರು ಮರುದಿನ ಊಟದ ಹೊತ್ತಿನಲ್ಲಿ ಆ ಪ್ರಶ್ನೆಗಳನ್ನೇ ಒಬ್ಬರಿಗೊಬ್ಬರು ಕೇಳಿಕೊಳ್ಳುತ್ತಿದ್ದರು. ಇದಕ್ಕೆ ಎದುರಾಗಿ ಚಂದನದಲ್ಲಿ 2002ರಿಂದ ಡಾ. ನಾ. ಸೋಮೇಶ್ವರ ಅವರು 'ಥಟ್ ಅಂತ ಹೇಳಿ' ನಡೆಸುತ್ತಾ ಬಂದಿದ್ದಾರೆ. ಅಲ್ಲಿ ಸರಿಯುತ್ತರಕ್ಕೆ ಸಿಗುವುದು ಕನ್ನಡ ಪುಸ್ತಕ. ಟಿವಿಯ ಆಟಕ್ಕೆ ಹಣವೇ ಬೇಕೆಂದಿಲ್ಲ ಎಂಬುದಕ್ಕೆ ಸಾವಿರಾರು ಕಂತುಗಳ ಸಾಕ್ಷಿ ಅದು.

ಇನ್ನೊಂದು ಆಟವನ್ನು ನೆನೆಯದೆ ಈ ಸೀಮೆಯ ಕತೆ ಪೂರ್ತಿಯಾಗುವುದಿಲ್ಲ. ಬಿಸಿನೆಸ್ ಎಂದು ಕರೆಯುತ್ತಿದ್ದ ರಟ್ಟಿನ ಆಟ, ಮೊನೊಪೊಲಿಯ ನಮ್ಮ ದೇಶದ ರೂಪ. ಅದು ನಮ್ಮ ಜಗಲಿಯಲ್ಲಿರಲಿಲ್ಲ. ಕಾರ್ಖಾನೆ ಕಾಲೊನಿಯ ಕ್ವಾರ್ಟರ್ಸಿನಲ್ಲಿದ್ದ ಗೆಳೆಯರ ಮನೆಯಲ್ಲಿತ್ತು. ಬಣ್ಣದ ನೋಟು, ಬೊಂಬಾಯಿ ದೆಹಲಿಯ ಚೀಟಿ, ಬಾಡಿಗೆ, ಜೈಲು. ನಮ್ಮ ಹಂಬಲದ ನೆನಪಿನಲ್ಲಿ ಎಲ್ಲ ಮಕ್ಕಳೂ ಎಲ್ಲ ಆಟವನ್ನೂ ಆಡಿದ್ದರು ಅನ್ನಿಸುತ್ತದೆ. ಹಾಗಿರಲಿಲ್ಲ. ನೆಲದ ಆಟ ಬಾಡಿಗೆ ಮನೆಯವರದು, ಪೆಟ್ಟಿಗೆಯ ಆಟ ಕ್ವಾರ್ಟರ್ಸಿನವರದು. ಮೊನೊಪೊಲಿಯ ಮೂಲವಾದ ಆಟವನ್ನು 1904ರಲ್ಲಿ ಪೇಟೆಂಟು ಮಾಡಿಸಿದವರು ಲಿಝಿ ಮ್ಯಾಗಿ ಎಂಬ ಅಮೆರಿಕದ ಹೆಣ್ಣುಮಗಳು. ನೆಲವನ್ನು ಕೆಲವರೇ ಹಿಡಿದಿಟ್ಟುಕೊಂಡರೆ ಉಳಿದವರ ಗತಿ ಏನಾಗುತ್ತದೆ ಎಂದು ತೋರಿಸುವುದು ಅವರ ಉದ್ದೇಶವಾಗಿತ್ತು. 1935ರಲ್ಲಿ ಪಾರ್ಕರ್ ಬ್ರದರ್ಸ್ ಅದನ್ನು ಮಾರುಕಟ್ಟೆಗೆ ತರುವಾಗ ಆ ಎಚ್ಚರಿಕೆ ಮಾಯವಾಗಿ, ಉಳಿದವರನ್ನು ದಿವಾಳಿ ಮಾಡುವುದೇ ಗೆಲುವಾಯಿತು.

ಇದನ್ನು ಓದುವಾಗಲೆಲ್ಲ ನನಗೆ ವೈಟ್‌ಫೀಲ್ಡ್ ಕಣ್ಣಮುಂದೆ ಬರುತ್ತದೆ. 1882ರಲ್ಲಿ ಡಿ. ಎಸ್. ವೈಟ್ ಅವರ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಚಾಮರಾಜ ಒಡೆಯರು ಕೊಟ್ಟ ನೆಲದಲ್ಲಿ ಎದ್ದ ಊರು. ಅದರ ಹಳೆಯ ನಕ್ಷೆಯೇ ಒಂದು ಆಟದ ಮನೆಯಂತಿದೆ. ಒಳಸುತ್ತು, ಹೊರಸುತ್ತು, ನಡುವೆ ಬಯಲು. ಇನ್ನರ್ ಸರ್ಕಲ್ ಎಂಬ ಹೆಸರು ಇಂದಿಗೂ ಉಳಿದಿದೆ. ಬೇಸಾಯ ಮಾಡಿ ಬದುಕಲೆಂದು ಕೊಟ್ಟ ಆ ಊರಿನ ಪಕ್ಕದಲ್ಲಿ 1990ರ ದಶಕದ ಕೊನೆಗೆ ಐಟಿಪಿಎಲ್ ಎದ್ದಿತು. ಅತ್ತ 1994ರಲ್ಲಿ ಇನ್ಫೋಸಿಸ್ ಎಲೆಕ್ಟ್ರಾನಿಕ್ ಸಿಟಿಗೆ ಬಂತು. ಆಮೇಲೆ ನಡೆದದ್ದು ನಿಜವಾದ ಬಿಸಿನೆಸ್ ಆಟ. ಸೈಟಿನ ಚೀಟಿ, ಬಾಡಿಗೆಯ ಏರಿಕೆ, ಒಂದು ಮನೆ ಹಿಡಿದವನು ನಾಲ್ಕು ಮನೆ ಹಿಡಿಯುವುದು. ಚೌಕ ಎಳೆಯುವ ಜಗಲಿ ಹೋದದ್ದು ಟಿವಿಯಿಂದಲ್ಲ. ಜಗಲಿಯ ಜಾಗಕ್ಕೂ ಬೆಲೆ ಬಂದದ್ದರಿಂದ. ನಾವಿದ್ದ ಸಾಲುಮನೆಗಳ ಜಾಗದಲ್ಲಿ ಈಗ ನಾಲ್ಕಂತಸ್ತಿನ ಕಟ್ಟಡಗಳಿವೆ. ಅಲ್ಲಿ ಮೆಟ್ಟಿಲಿದೆ, ಗ್ರಿಲ್ಲಿದೆ, ಬೈಕು ನಿಲ್ಲಿಸುವ ಜಾಗವಿದೆ, ಹತ್ತು ಜನ ಕೂರುವ ನೆಲವಿಲ್ಲ. ಎಚ್‌ಎಂಟಿ ವಾಚಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವೂ 2016ರಲ್ಲಿ ಹೊರಬಿತ್ತು.

ಮಣೆಯಾಟ ಕೊನೆಗೆ ಟಿವಿಯನ್ನೂ ಬಿಟ್ಟು ಜೇಬಿಗೆ ಬಂತು. 2020ರ ಲಾಕ್‌ಡೌನಿನಲ್ಲಿ ಎರಡು ಸಂಗತಿ ಒಟ್ಟೊಟ್ಟಿಗೆ ನಡೆದವು. ಚೋಪ್ರಾರ ಮಹಾಭಾರತ ದೂರದರ್ಶನದಲ್ಲಿ ಮರುಪ್ರಸಾರವಾಯಿತು. ಮತ್ತೊಂದು ಮಹಾಭಾರತ ಕನ್ನಡಕ್ಕೆ ಡಬ್ ಆಗಿ ಸ್ಟಾರ್ ಸುವರ್ಣದಲ್ಲಿ ಬಂತು. ಶಕುನಿ ಕನ್ನಡ ಮಾತಾಡಿದ. ಅದೇ ವಾರಗಳಲ್ಲಿ ಮುಂಬಯಿಯ ಕಂಪನಿಯೊಂದರ ಲೂಡೊ ಕಿಂಗ್ ದೇಶದ ಮನೆಮನೆಯ ಫೋನಿಗೆ ಇಳಿಯಿತು. ಅದರಲ್ಲಿ ಹಣವಿರಲಿಲ್ಲ. ದೂರದಲ್ಲಿ ಸಿಕ್ಕಿಬಿದ್ದ ಅಣ್ಣತಮ್ಮಂದಿರು ಒಂದೇ ಮಣೆಗೆ ಕೂರುವ ಸುಖವಿತ್ತು. ಆದರೆ ಅದೇ ಹಾದಿಯಲ್ಲಿ ಹಣ ಕಟ್ಟುವ ರಮ್ಮಿ, ಹಣ ಕಟ್ಟುವ ಲೂಡೊಗಳೂ ಬಂದವು. ಕರ್ನಾಟಕ ಸರ್ಕಾರ 2021ರಲ್ಲಿ ಪಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕಾನೂನು ತಂದಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ದೇಶಕ್ಕೆಲ್ಲ ಅನ್ವಯಿಸುವಂತೆ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕೌಶಲವೋ ಅದೃಷ್ಟವೋ ಎಂಬುದು ವಕೀಲರ ವಾದ. ಅಜ್ಜಿಗೆ ಆ ಭೇದ ಬೇಕಿರಲಿಲ್ಲ. ಪೈಸೆ ಇದೆಯೋ ಇಲ್ಲವೋ ಎಂಬುದಷ್ಟೇ ಅವಳ ಪ್ರಶ್ನೆ. ಸಂಬಳದ ದಿನ ರಾತ್ರಿ ಒಂಟಿ ಕೋಣೆಯಲ್ಲಿ ಫೋನು ಹಿಡಿದು ಕೂತ ಹುಡುಗನ ಚೌಕವನ್ನು ಕಾಲಲ್ಲಿ ಒರೆಸುವವರು ಯಾರೂ ಇಲ್ಲ. ಹಿರಿಯರು ಹಾಕಿದ್ದ ಮೂರು ಕಟ್ಟುಗಳೂ, ಹೊತ್ತು, ಜತೆ, ಪಣ, ಒಂದೇ ಗಾಜಿನ ಚೂರಿನಲ್ಲಿ ಬಿಚ್ಚಿಹೋದವು.

ಹಾಗಾದರೆ ಕಳಚಿ ಬಿದ್ದದ್ದು ಇದು. ಆಟ ಉಳಿದಿದೆ, ರೂಪ ಉಳಿದಿದೆ, ಏಣಿ ಇದೆ, ಹಾವಿದೆ, ದಾಳವಿದೆ. ಹೋದದ್ದು ಆಟದ ಸುತ್ತ ಕೂತಿದ್ದ ಜನ. ಆಡದೆ ಬರೀ ನೋಡುತ್ತಾ, "ಆ ಕಾಯಿ ನಡೆಸು" ಎಂದು ಬೇಡದ ಬುದ್ಧಿ ಹೇಳುತ್ತಾ, ಮೋಸ ಮಾಡಿದವನ ಕೈ ಹಿಡಿಯುತ್ತಾ, ಜಗಳ ಮೀರಿದರೆ ಮಣೆ ಎತ್ತಿಡುತ್ತಿದ್ದ ಜನ. ಟಿವಿಯ ಮೊದಲ ದಿನಗಳಲ್ಲಿ ಅವರೂ ಓನರ ಮನೆಯ ಕಿಟಕಿಯವರೆಗೆ ಬಂದಿದ್ದರು. ಆಮೇಲೆ ಪ್ರತಿ ಮನೆಗೊಂದು ಟಿವಿಯಾಗಿ, ಪ್ರತಿ ಕೈಗೊಂದು ಫೋನಾಗಿ ಅವರು ಚದುರಿದರು.

ಈಗ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿ ರಾಜ್ಯೋತ್ಸವಕ್ಕೆ, ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳಲ್ಲಿ ಸಂಕ್ರಾಂತಿಗೆ ದೇಸಿ ಆಟದ ಮೂಲೆ ಇಡುತ್ತಾರೆ. ಬಟ್ಟೆಯ ಮೇಲೆ ಅಚ್ಚಾದ ಚೌಕಾಬಾರ, ಹೊಳೆಯುವ ಕವಡೆ. ಅದನ್ನು ಗೇಲಿ ಮಾಡುವ ಮನಸ್ಸು ನನಗಿಲ್ಲ. ಕವಡೆ ಕೈಗೆ ಸಿಕ್ಕಿದರೆ ಮಕ್ಕಳಿಗೆ ಅದರ ರುಚಿ ಹತ್ತುವುದು ಐದೇ ನಿಮಿಷದ ಮಾತು. ಆದರೆ ನನಗೆ ಹೆಚ್ಚು ಭರವಸೆ ಕಂಡದ್ದು ಪೀಣ್ಯದ ಒಂದು ಟೀ ಅಂಗಡಿಯ ಮುಂದೆ. ಒಡಿಶಾದ ಇಬ್ಬರು, ರಾಯಚೂರಿನ ಕಡೆಯ ಒಬ್ಬ, ಬಿಹಾರದ ಒಬ್ಬ, ನಾಲ್ಕೂ ಹುಡುಗರು ಒಂದೇ ಫೋನನ್ನು ಸ್ಟೂಲಿನ ಮೇಲೆ ಮಲಗಿಸಿ ಲೂಡೊ ಆಡುತ್ತಿದ್ದರು. ಸೋತವನು ಟೀ ಕೊಡಿಸಬೇಕು, ಅಷ್ಟೇ ಪಣ. ಸುತ್ತ ಆರೇಳು ಜನ ನಿಂತು ಮೂರು ಭಾಷೆಯಲ್ಲಿ ಬೇಡದ ಬುದ್ಧಿ ಹೇಳುತ್ತಿದ್ದರು. ಅಂಗಡಿಯವನು ಲೋಟ ತೊಳೆಯುತ್ತಲೇ ಒಬ್ಬನ ಮೋಸವನ್ನು ಹಿಡಿದುಕೊಟ್ಟ.